ಗುಳೆ ಹೋಗುವ ಊರಲ್ಲಿ ಅಕ್ಕೋರು ಕಲಿತದ್ದು

ಬಾಗಲಕೋಟೆ ಜಿಲ್ಲೆಯ ಬಾದಾಮಿ, ಹುನಗುಂದ, ಇಳಕಲ್ಲ ಸುತ್ತಿನ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿದವಳು ನಾನು. ಓದಿನಿಂದ ಬದುಕು ಬದಲಾಗುತ್ತದೆಂದು ನಂಬಿದವಳು. ಆದರೆ ಮಗು ವರ್ಷವಿಡೀ ಶಾಲೆಯಲ್ಲಿ ಉಳಿಯಬೇಕಲ್ಲ, ನನ್ನ ಕೆಲಸವೆಲ್ಲ ಅದರ ಸುತ್ತಲೇ.

1. ಗುಳೆ ಹೋಗುವ ಸುದ್ದಿ ಗಂಟು ಕಟ್ಟುವ ಮೊದಲೇ ತಿಳಿದಿರಬೇಕು.
ಮಳೆ ಕೈಕೊಟ್ಟ ವರ್ಷ ಇಲ್ಲಿನ ಒಣಬೇಸಾಯದ ಮಂದಿ ಮಂಗಳೂರು, ಉಡುಪಿ, ಗೋವಾ ಕಡೆ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ದೀಪಾವಳಿ ಮುಗಿಯಿತೆಂದರೆ ಓಣಿಯ ಮನೆಗಳಿಗೆ ಕೀಲಿ. ಹಾಜರಿ ಪುಸ್ತಕದಲ್ಲಿ ಗೈರು ಬರೆಯುವ ಹೊತ್ತಿಗೆ ಮಗು ಬಸ್ಸು ಹತ್ತಿರುತ್ತದೆ. ಅದಕ್ಕೇ ದಸರೆ ರಜೆ ಮುಗಿದ ಕೂಡಲೇ ಮನೆಮನೆಗೆ ಹೋಗುತ್ತೇನೆ. ಅಪ್ಪನ ಜೊತೆ ವಾದಕ್ಕಿಳಿಯುವುದಿಲ್ಲ, ಅಜ್ಜಿಯ ಹತ್ತಿರ ಕೂಡುತ್ತೇನೆ. “ನೀವೊಬ್ರು ಹೂಂ ಅನ್ರಿ ಯವ್ವಾ, ಮಧ್ಯಾಹ್ನದ ಊಟ ಸಾಲ್ಯಾಗ ಐತಿ, ರಾತ್ರಿದಷ್ಟ ನೀವು ನೋಡ್ರಿ” ಎಂದರೆ ಎಷ್ಟೋ ಅಜ್ಜಿಯರು ಒಪ್ಪುತ್ತಾರೆ. 2002ರಲ್ಲಿ ಶುರುವಾದ ಅಕ್ಷರ ದಾಸೋಹದ ಬಿಸಿಯೂಟವೇ ಈ ಮಾತಿಗೆ ನನಗಿರುವ ಬಲ.

2. ಹೋಗಲೇಬೇಕಾದವರ ಕೈಗೆ ಕಾಗದ ಕೊಡಿ.
ವರ್ಗಾವಣೆ ಪತ್ರ ತಡವಾಯಿತೆಂದು ಸರ್ಕಾರಿ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತದೆ. ಇದನ್ನು ತಂದೆತಾಯಿಗೆ ಬಾಯಿಪಾಠ ಮಾಡಿಸುತ್ತೇನೆ. ಜೊತೆಗೆ ಒಂದು ಹಾಳೆ: ಯಾವ ಪಾಠದವರೆಗೆ ಆಗಿದೆ, ಭಾಗಾಕಾರ ಬರುತ್ತದೋ ಇಲ್ಲವೋ. ಕರಾವಳಿಯಲ್ಲಿ ಕನ್ನಡ ಶಾಲೆ ಸಿಗುತ್ತದೆ. ಗೋವಾದಲ್ಲಿ ಬೆರಳೆಣಿಕೆಯಷ್ಟು, ಅಲ್ಲಿಗೆ ಹೋದ ಮಕ್ಕಳದ್ದೇ ನನಗೆ ಹೆಚ್ಚು ಚಿಂತೆ.

3. ನೇಕಾರರ ಮನೆಯಲ್ಲಿ ಮಗ್ಗವನ್ನು ಹಳಿಯಬೇಡಿ.
ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಎಳೆಗಳ ನಡುವೆ ಬೆಳೆದು ಕಂಡಿಕೆ ಸುತ್ತುವ ಹುಡುಗಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ ಎನ್ನುವುದು ಸುಳ್ಳು. ಕರಿಹಲಗೆಯ ಮೇಲೆ ಸೀರೆಯ ದಡಿ ಬರೆದು ಗುಣಾಕಾರ ಶುರು ಮಾಡಿದರೆ ಹಿಂದಿನ ಸಾಲಿನವರೂ ಬಾಯಿ ಬಿಡುತ್ತಾರೆ. “ಸಾಲಿ ಕಲ್ತು ಏನ್ ಮಾಡ್ತಾಳ್ರಿ ಅಕ್ಕೋರ?” ಎಂದು ತಾಯಿ ಕೇಳಿದಾಗ ನಾನು ನೌಕರಿಯ ಮಾತು ತೆಗೆಯುವುದಿಲ್ಲ. ನೂಲು ಕೊಟ್ಟ ಮಾಲೀಕರು ಕೂಲಿ ಬರೆದಿಡುವ ಪುಸ್ತಕವನ್ನು ಮಗಳಿಂದಲೇ ಓದಿಸುತ್ತೇನೆ. ಮುಂಗಡ ಎಷ್ಟು, ಮುರಿದುಕೊಂಡದ್ದೆಷ್ಟು, ಉಳಿದದ್ದೆಷ್ಟು. ಇಳಕಲ್ಲ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಆದರೆ ಅದರ ಅಧಿಕೃತ ಬಳಕೆದಾರನಾಗಲು ನೇಕಾರ ಅರ್ಜಿ ಹಾಕಬೇಕು. ಅಕ್ಷರ ಬಾರದ ಮನೆಗೆ ಆ ಹಕ್ಕು ದೂರವೇ ಉಳಿಯುತ್ತದೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

4. ಕುಡಿತದ ಮಾತನ್ನು ಪಾಲಕರ ಸಭೆಯಲ್ಲೇ ಆಡಿ.
ಅಪ್ಪ ಕುಡಿತಕ್ಕೆ ಬಿದ್ದ ಮನೆಯಲ್ಲಿ ಮಗು ಶಾಲೆಯಲ್ಲಿ ಉಳಿಯುವುದು ಕಷ್ಟ. ಇಳಕಲ್ಲ ಮಠದ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಅಂದು ನಾವು ಅಪ್ಪಂದಿರನ್ನೇ ಶಾಲೆಗೆ ಕರೆಯುತ್ತೇವೆ.

5. ಏಳನೆಯ ತರಗತಿ ಮುಗಿದ ಬೇಸಿಗೆಯಲ್ಲಿ ಹುಡುಗಿಯರ ಮೇಲೆ ಕಣ್ಣಿಡಿ.
ಹೈಸ್ಕೂಲು ಪಕ್ಕದ ಊರಲ್ಲಿ, ಮದುವೆಯ ಮಾತು ಮನೆಯಲ್ಲಿ. ಫಲಿತಾಂಶದ ದಿನವೇ ಎಂಟನೆಯ ತರಗತಿಯ ಅರ್ಜಿ ತುಂಬಿಸುತ್ತೇನೆ. ಬಾಗಲಕೋಟೆಯಲ್ಲಿ 1906ರಲ್ಲೇ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಇಂದು ಮೆಡಿಕಲ್, ಇಂಜಿನಿಯರಿಂಗ್ ಕಾಲೇಜು ನಡೆಸುತ್ತಿದೆ. ಹಳ್ಳಿಯ ಹುಡುಗಿ ಅಲ್ಲಿಯವರೆಗೆ ಮುಟ್ಟಬೇಕಾದರೆ ಮೊದಲು ಹೈಸ್ಕೂಲಿಗೆ ಬೆಳಗಿನ ಬಸ್ಸು ಬೇಕು. ಶಾಲಾಭಿವೃದ್ಧಿ ಸಮಿತಿಯವರೊಂದಿಗೆ ಬಸ್ ಡಿಪೋಗೆ ಹೋಗುವಾಗ ತಾಯಂದಿರನ್ನೂ ಕರೆದುಕೊಂಡು ಹೋಗಿ. ಎಷ್ಟು ಹುಡುಗಿಯರು, ಯಾವ ಊರಿನವರು, ಶಾಲೆ ಶುರುವಾಗುವ, ಬಿಡುವ ಹೊತ್ತು ಯಾವುದು ಎಂದು ಮನವಿಯಲ್ಲಿ ಬರೆಯಿರಿ. ಜೂನ್ ಬರುವ ಮೊದಲೇ ಕೊಡಿ.