ನಿರಾಕರಣೆಗೆ ಕಾರಣ: ಗಣಕಸೇವೆಗಳ ದೋಷಸಂದೇಶ

ಉತ್ತರಪತ್ರಿಕೆಯ ಮೇಲೆ ಕೆಂಪು ಮಸಿಯಿಂದ ‘ತಪ್ಪು’ ಎಂದಷ್ಟೇ ಬರೆಯುವ ಉಪಾಧ್ಯಾಯರಿಗಿಂತ, ತಪ್ಪಿದ ಅಕ್ಷರದಡಿ ಗೆರೆಯೆಳೆದು ಸರಿರೂಪವನ್ನು ಸೂಚಿಸುವವರೇ ಮೇಲೆಂಬುದು ಶಿಕ್ಷಕವರ್ಗಕ್ಕೆ ವಿದಿತವಾದ ಸಂಗತಿ. ಗಣಕಯಂತ್ರಗಳ ಪರಸ್ಪರ ವ್ಯವಹಾರಕ್ಕೂ ಇದೇ ನ್ಯಾಯವು ಅನ್ವಯಿಸುತ್ತದೆ.

ಒಂದು ತಂತ್ರಾಂಶವು ಮತ್ತೊಂದರಿಂದ ಸೇವೆಯನ್ನು ಬೇಡುವುದಕ್ಕೆ ಗೊತ್ತುಪಡಿಸಿದ ದ್ವಾರಕ್ಕೆ ಎಪಿಐ ಎಂದು ಹೆಸರು. ಬೇಡುವ ಪಕ್ಷ ಕ್ಲೈಂಟ್. ನೀಡುವ ಪಕ್ಷ ಸರ್ವರ್. ಕೋರಿಕೆಯು ನಿಯಮಕ್ಕೆ ಹೊಂದದಿದ್ದರೆ ಸರ್ವರ್ ಅದನ್ನು ನಿರಾಕರಿಸಿ ಒಂದು ಸ್ಥಿತಿಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಎಚ್‌ಟಿಟಿಪಿ ಎಂಬ ವ್ಯವಹಾರಕ್ರಮದಲ್ಲಿ ೪೦೦ರಿಂದ ೪೯೯ರವರೆಗಿನ ಸಂಖ್ಯೆಗಳು ಕ್ಲೈಂಟ್ ಪಕ್ಷದ ದೋಷಕ್ಕೆ ಮೀಸಲು. ೪೦೧ ಗುರುತು ರುಜುವಾತಾಗಿಲ್ಲವೆಂದೂ, ೪೦೩ ಅನುಮತಿಯಿಲ್ಲವೆಂದೂ, ೪೨೯ ಅಲ್ಪಕಾಲದಲ್ಲಿ ಅತಿಯಾಗಿ ಬೇಡಲಾಗಿದೆಯೆಂದೂ ತಿಳಿಸುತ್ತವೆ. ೪೦೦ ಎಂಬುದಾದರೋ ಕೋರಿಕೆ ದೋಷಯುಕ್ತವೆಂಬ ಸಾಮಾನ್ಯೋಕ್ತಿ ಮಾತ್ರ. ಸಂಖ್ಯೆಯು ದೋಷದ ಜಾತಿಯನ್ನು ಹೇಳೀತೇ ಹೊರತು ಅದರ ಸ್ಥಾನವನ್ನಲ್ಲ.

ಇದಕ್ಕೆ ಕನ್ನಡದ್ದೇ ಒಂದು ನಿದರ್ಶನವನ್ನು ಪರಿಶೀಲಿಸಬಹುದು. ‘ರಾಜ್‌ಕುಮಾರ್’ ಎಂಬ ಹೆಸರಿನಲ್ಲಿ ಜಕಾರವು ಕಕಾರದೊಡನೆ ಸಂಯುಕ್ತಾಕ್ಷರವಾಗದಂತೆ ತಡೆಯಲು, ಯೂನಿಕೋಡ್ ಲಿಪಿವ್ಯವಸ್ಥೆಯಲ್ಲಿ ಅವುಗಳ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಇರಿಸಲಾಗುತ್ತದೆ. ಅದರ ಕ್ರಮಾಂಕ ಯು+೨೦೦ಸಿ. ಕನ್ನಡ ಲಿಪಿಗೆ ಮೀಸಲಾದ ಸಂಕೇತಗಳನ್ನಷ್ಟೇ ಒಪ್ಪುವಂತೆ ರಚಿತವಾದ ಸರ್ವರ್ ಇದನ್ನು ಕಂಡು, ‘ಹೆಸರು ಅಮಾನ್ಯ’ ಎಂದು ವಿದ್ಯಾರ್ಥಿಯೊಬ್ಬನ ಅರ್ಜಿಯನ್ನು ಹಿಂದಿರುಗಿಸಿತೆನ್ನೋಣ. ಅವನಿಗೆ ತನ್ನ ಹೆಸರಿನಲ್ಲಿ ದೋಷವೇ ಕಾಣದು. ಪರೀಕ್ಷಿಸುವ ತಂತ್ರಜ್ಞನಿಗೂ ಕಾಣದು. ಕಡೆಗೆ ಹೆಸರನ್ನೇ ಬದಲಿಸಿ ಬರೆದರೆ ಅದು ಇತರ ದಾಖಲೆಗಳೊಡನೆ ಹೊಂದದೆ ಹೊಸ ತೊಡಕು ಹುಟ್ಟುತ್ತದೆ. ಅದರ ಬದಲು, ‘ಹೆಸರಿನ ಅಂಕಣದ ಐದನೆಯ ಸ್ಥಾನದಲ್ಲಿ ಯು+೨೦೦ಸಿ ಸಂಕೇತವಿದೆ, ಅದಕ್ಕೆ ಇಲ್ಲಿ ಅವಕಾಶವಿಲ್ಲ’ ಎಂದು ಸರ್ವರ್ ತಿಳಿಸಿದರೆ ಕಾರಣವು ಕೂಡಲೇ ಗೋಚರವಾಗುತ್ತದೆ. ದೋಷವಿರುವುದು ಹೆಸರಿನಲ್ಲಲ್ಲ, ಸಂಕುಚಿತವಾದ ನಿಯಮದಲ್ಲಿ ಎಂಬುದೂ ಆಗಲೇ ಬೆಳಕಿಗೆ ಬರುತ್ತದೆ.

ಅಳತೆಯ ವಿಷಯವೂ ಹೀಗೆಯೇ. ಯುಟಿಎಫ್-೮ ಎಂಬ ಕ್ರಮದಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಮೇಲಣ ಹೆಸರಿನಲ್ಲಿರುವ ಸಂಕೇತಗಳು ೧೧, ಬೈಟ್‌ಗಳು ೩೩. ‘೩೦ರ ಮಿತಿ ಮೀರಿದೆ’ ಎಂದು ಮಾನವನ್ನು ಹೇಳದೆ ನುಡಿದರೆ ಅದು ಒಗಟಾದೀತು.

ಆದುದರಿಂದ ಉತ್ತಮ ದೋಷಸಂದೇಶಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಬಹುದು: ದೋಷವಿರುವ ಸ್ಥಾನ, ಅಲ್ಲಿ ಬಂದುದು, ಬರಬೇಕಾಗಿದ್ದುದು, ಮುಂದಿನ ಕರ್ತವ್ಯ. ದೋಷಗಳು ಹಲವಿದ್ದರೆ ಒಂದೊಂದಕ್ಕೂ ಅಲೆದಾಡಿಸದೆ ಎಲ್ಲವನ್ನೂ ಒಮ್ಮೆಗೇ ತಿಳಿಸುವುದು ಯುಕ್ತ. ಅಂತರಜಾಲದ ನಿಯಮಗಳನ್ನು ರೂಪಿಸುವ ಐಇಟಿಎಫ್ ಮಂಡಲಿಯು ೨೦೧೬ರಲ್ಲಿ ಆರ್‌ಎಫ್‌ಸಿ ೭೮೦೭ ಎಂಬ ಪತ್ರದಿಂದಲೂ, ಅದಕ್ಕೆ ಬದಲಾಗಿ ೨೦೨೩ರಲ್ಲಿ ೯೪೫೭ನೆಯ ಪತ್ರದಿಂದಲೂ ಇಂತಹ ಸಂದೇಶಕ್ಕೊಂದು ಸಮಾನರೂಪವನ್ನು ಕೊಟ್ಟಿದೆ. ದೋಷದ ಪ್ರಕಾರ, ಶೀರ್ಷಿಕೆ, ಸ್ಥಿತಿಸಂಖ್ಯೆ, ವಿವರಣೆ, ಆ ಪ್ರಸಂಗದ ಗುರುತು ಎಂಬ ಐದು ಅಂಗಗಳು ಅದರಲ್ಲಿವೆ. ವಿವರಣೆಯು ಕ್ಲೈಂಟ್ ಪಕ್ಷಕ್ಕೆ ತಿದ್ದಿಕೊಳ್ಳಲು ನೆರವಾಗಬೇಕೆಂಬುದೇ ಅದರ ಆಶಯ.

ಇದಕ್ಕೆ ಅಪವಾದವೂ ಉಂಟು. ಪ್ರವೇಶಕಾಲದಲ್ಲಿ ತಪ್ಪಿದ್ದು ಬಳಕೆದಾರನ ಹೆಸರೋ ಗುಪ್ತಪದವೋ ಎಂದು ಬಿಡಿಸಿ ಹೇಳಿದರೆ ಕಳ್ಳನಿಗೆ ದಾರಿ ತೋರಿದಂತಾಗುತ್ತದೆ. ಸರ್ವರಿನ ಒಳರಚನೆಯನ್ನು ಹೊರಗೆಡಹುವುದೂ ಸಲ್ಲದು. ಅಂತಹ ವಿವರಗಳನ್ನು ಒಳದಾಖಲೆಯಲ್ಲಿಟ್ಟು, ಹೊರಗೆ ಅದರ ಗುರುತಿನ ಸಂಖ್ಯೆಯನ್ನಷ್ಟೇ ಕೊಡುವುದು ವಿವೇಕ.

ನಿರಾಕರಿಸುವ ಅಧಿಕಾರವುಳ್ಳವರಿಗೆ ಕಾರಣವನ್ನು ತಿಳಿಸುವ ಹೊಣೆಯೂ ಉಂಟು. ತಂತ್ರಾಂಶ ರಚನೆಯಲ್ಲಿ ತೊಡಗಿರುವ ಹಳೆಯ ವಿದ್ಯಾರ್ಥಿಗಳು ಇದನ್ನು ಮನಗಂಡು ನಡೆದರೆ, ಅರ್ಜಿ ಹಿಡಿದು ಕಾದಿರುವ ಎಷ್ಟೋ ಮಂದಿಗೆ ಉಪಕಾರವಾದೀತು.