ಮನೆಯ ಇಂಟರ್ನೆಟ್ಟಿಗೆ ಫೈರ್‌ವಾಲ್ ರೌಟರ್: ಪೆಟ್ಟಿಗೆ ಕೊಳ್ಳುವ ಮುನ್ನ



ಕೊಟ್ಟಿಗೆಯಲ್ಲಿ ಕ್ಯಾಮೆರಾ ಹಾಕಿಸುವುದು ಈಗ ಶೋಕಿಯ ಮಾತಾಗಿ ಉಳಿದಿಲ್ಲ. ತುಂಬು ಗಬ್ಬದ ಹಸು ರಾತ್ರಿ ಎರಡು ಗಂಟೆಗೆ ಈಯಲು ಶುರುಮಾಡಿತೇ ಎಂದು ಹಾಸಿಗೆಯಿಂದಲೇ ನೋಡಬಹುದು. ಬೆಂಗಳೂರಿನಲ್ಲಿರುವ ಮಗನೂ ನೋಡಬಹುದು. ಆದರೆ ಮಗನಿಗೆ ಕಾಣಲೆಂದು ಕ್ಯಾಮೆರಾ ಹಾಕಿದವರು ರೌಟರಿನಲ್ಲಿ ಒಂದು ಪೋರ್ಟ್ ತೆರೆದು, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿ ಹೋಗಿದ್ದರೆ, ಆ ಕಿಂಡಿಯಿಂದ ಯಾರು ಬೇಕಾದರೂ ಇಣುಕಬಹುದು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಇಂತಹ ಕ್ಯಾಮೆರಾ, ರೌಟರುಗಳಿಗೇ ನುಗ್ಗಿತು. ಅಕ್ಟೋಬರ್ 21ರಂದು ಅವುಗಳನ್ನೆಲ್ಲ ಒಟ್ಟಿಗೆ ಅಮೆರಿಕದ ಡೈನ್ ಕಂಪನಿಯ ಮೇಲೆ ಹರಿಯಬಿಟ್ಟಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಮುಂತಾದವು ಗಂಟೆಗಟ್ಟಲೆ ತಡವರಿಸಿದವು.

ಇದಕ್ಕೆ ಇರುವ ಪರಿಹಾರವೇ ವಿಪಿಎನ್ ಇರುವ ಫೈರ್‌ವಾಲ್ ರೌಟರ್. ಫೈರ್‌ವಾಲ್ ಎಂದರೆ ಬೇಲಿ. ವಿಪಿಎನ್ ಎಂದರೆ ಆ ಬೇಲಿಗೆ ಇಟ್ಟ ಒಂದೇ ಬಾಗಿಲು. ಕೀಲಿ ಇರುವ ಮನೆಯವರು ಮಾತ್ರ ಒಳಗೆ ಬರುತ್ತಾರೆ, ಹೋಗುವ ಬರುವ ಮಾತೆಲ್ಲ ಗೂಢಲಿಪಿಯಲ್ಲಿರುತ್ತದೆ. ಜಾಹೀರಾತಿನಲ್ಲಿ ತಿಂಗಳ ಬಾಡಿಗೆಗೆ ಮಾರುವ ವಿಪಿಎನ್ ಬೇರೆ. ಅದರಿಂದ ನಮ್ಮ ಕೊಟ್ಟಿಗೆಗೆ ಬಾಗಿಲಾಗುವುದಿಲ್ಲ.

ಅಂಗಡಿಗೆ ಹೋಗುವ ಮೊದಲು ಇಂಟರ್ನೆಟ್ ಕೊಡುವವರನ್ನು ಒಂದು ಮಾತು ಕೇಳಿ: "ನಮ್ಮ ಸಂಪರ್ಕಕ್ಕೆ ಹೊರಗಿನಿಂದ ತಲುಪಬಲ್ಲ ಸ್ವಂತ ಐಪಿ ವಿಳಾಸ ಇದೆಯೇ?" ಸಿಮ್ ಮೂಲಕ ಬರುವ ಇಂಟರ್ನೆಟ್ಟಿನಲ್ಲಿ ಸಾಮಾನ್ಯವಾಗಿ, ಕೇಬಲ್ ಸಂಪರ್ಕಗಳಲ್ಲೂ ಎಷ್ಟೋ ಕಡೆ, ಹಳೆಯ ಮಾದರಿಯ ಒಂದೇ ವಿಳಾಸವನ್ನು ನೂರಾರು ಮನೆಗಳಿಗೆ ಹಂಚಿರುತ್ತಾರೆ. ಆಗ ಹೊರಗಿನಿಂದ ನಿಮ್ಮ ಬಾಗಿಲಿಗೆ ದಾರಿಯೇ ಇರುವುದಿಲ್ಲ. ಎಷ್ಟು ದುಬಾರಿ ಪೆಟ್ಟಿಗೆ ತಂದರೂ ಅಷ್ಟೇ. ಹೆಚ್ಚಿನ ಶುಲ್ಕ ಕೊಟ್ಟು ಸ್ಥಿರ ವಿಳಾಸ ಪಡೆಯಬಹುದು. ಇಲ್ಲವೇ ಐಪಿವಿ6 ವಿಳಾಸ ಬಳಸಬಹುದು. ಎರಡೂ ಆಗದಿದ್ದರೆ ಬಾಡಿಗೆಯ ಸಣ್ಣ ಸರ್ವರಿಗೆ ಮನೆಯ ರೌಟರೇ ಒಳಗಿನಿಂದ ಸಂಪರ್ಕ ಇಟ್ಟುಕೊಳ್ಳುವಂತೆ ಮಾಡಬೇಕು. ಇದು ಇತ್ಯರ್ಥವಾಗದೆ ಹಣ ಬಿಚ್ಚಬೇಡಿ.

ಇನ್ನು ಪೆಟ್ಟಿಗೆಯ ಮಾತು. ಕೊಂಬು ನೋಡಿ ಹಸು ಕೊಳ್ಳುವವರು ನಮ್ಮಲ್ಲಿ ಯಾರೂ ಇಲ್ಲ, ಆದರೆ ಆಂಟೆನಾ ಎಣಿಸಿ ರೌಟರ್ ಕೊಳ್ಳುವವರು ಬಹಳ. ವಿಪಿಎನ್ನಿನ ದುಡಿಮೆಯೆಲ್ಲ ಪ್ರೊಸೆಸರಿನದು. ಪ್ರತಿಯೊಂದು ತುಣುಕನ್ನೂ ಅದು ಗೂಢಲಿಪಿಗೆ ತಿರುಗಿಸಬೇಕು. ಓಪನ್‌ವಿಪಿಎನ್ ಎಂಬ ಹಳೆಯ ಪದ್ಧತಿ ಸಾಮಾನ್ಯವಾಗಿ ಎಇಎಸ್ ಎಂಬ ಲಿಪಿ ಬಳಸುತ್ತದೆ. ಪ್ರೊಸೆಸರಿನಲ್ಲೇ ಎಇಎಸ್ ಆದೇಶಗಳಿದ್ದರೆ ಕೆಲಸ ಸಲೀಸು. ರಾಸ್ಪ್‌ಬೆರಿ ಪೈ 4ರಲ್ಲಿ ಅವು ಇಲ್ಲ, ಪೈ 5ರಲ್ಲಿ ಇವೆ. ವೈರ್‌ಗಾರ್ಡ್ ಎಂಬ ಹೊಸ ಪದ್ಧತಿ 2020ರಲ್ಲಿ ಲಿನಕ್ಸ್ 5.6ರೊಳಗೇ ಸೇರಿತು. ಅದು ಚಾಚಾ20 ಎಂಬ ಬೇರೆ ಲಿಪಿ ಬಳಸುವುದರಿಂದ ಆ ವಿಶೇಷ ಆದೇಶಗಳಿಲ್ಲದ ಸಾಧಾರಣ ಪ್ರೊಸೆಸರಿನಲ್ಲೂ ಚುರುಕಾಗಿ ನಡೆಯುತ್ತದೆ. ಹೊಸದಾಗಿ ಹಾಕುವವರು ವೈರ್‌ಗಾರ್ಡನ್ನೇ ಆರಿಸಿಕೊಳ್ಳುವುದು ಮೇಲು.

ಎಷ್ಟು ಶಕ್ತಿ ಬೇಕು? ಒಂದು ಕ್ಯಾಮೆರಾಕ್ಕೆ ಸೆಕೆಂಡಿಗೆ 2 ಮೆಗಾಬಿಟ್ ಎಂದು ಹಿಡಿದರೆ ಮೂರಕ್ಕೆ 6 ಆಯಿತು. ಇಲ್ಲಿ ಲೆಕ್ಕಕ್ಕೆ ಬರುವುದು ಮನೆಯಿಂದ ಹೊರಗೆ ಹೋಗುವ ವೇಗ, ಡೌನ್‌ಲೋಡ್ ಅಲ್ಲ. 50–100 ಮೆಗಾಬಿಟ್ ಸಂಪರ್ಕವಿರುವ ಮನೆಗೆ, ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶ ಹಾಕಬಹುದಾದ ಇತ್ತೀಚಿನ ರೌಟರೇ ಸಾಕು. ಕೊಳ್ಳುವ ಮುನ್ನ ಮಾದರಿಯ ಹೆಸರಿನ ಜೊತೆಗೆ ಆವೃತ್ತಿಯ ಸಂಖ್ಯೆಯನ್ನೂ ತಾಳೆ ನೋಡಿ. ಒಂದೇ ಹೆಸರಿನಡಿ ಒಳಗಿನ ಚಿಪ್ ಬದಲಿಸಿ ಮಾರುವುದುಂಟು. 16 ಮೆಗಾಬೈಟ್ ಫ್ಲ್ಯಾಶ್, 128 ಮೆಗಾಬೈಟ್ ರ್‍ಯಾಮ್‌ಗಿಂತ ಕಡಿಮೆ ಇರುವುದನ್ನು ಕೊಳ್ಳಲೇಬೇಡಿ.

ಮನೆಯಲ್ಲೇ ಕುಳಿತು ಕಂಪನಿ ಕೆಲಸ ಮಾಡುವವರಿದ್ದು ಸಂಪರ್ಕವೂ 300 ಮೆಗಾಬಿಟ್ ದಾಟಿದ್ದರೆ, ಇಂಟೆಲ್ ಎನ್100 ಪ್ರೊಸೆಸರಿನ, ಫ್ಯಾನ್ ಇಲ್ಲದ, ನಾಲ್ಕು ನೆಟ್‌ವರ್ಕ್ ಪೋರ್ಟಿನ ಪುಟ್ಟ ಪೆಟ್ಟಿಗೆ ಒಳ್ಳೆಯದು. 2023ರಲ್ಲಿ ಬಂದ ಈ ಪ್ರೊಸೆಸರಿನಲ್ಲಿ ಎಇಎಸ್ ಆದೇಶಗಳೂ ಇವೆ. ಇದರ ಮೇಲೆ ಓಪಿಎನ್‌ಸೆನ್ಸ್, ಪಿಎಫ್‌ಸೆನ್ಸ್ ಹಾಕಬಹುದು. ಅವು ಫ್ರೀಬಿಎಸ್‌ಡಿ ಮೇಲೆ ನಿಂತವು; ಅಲ್ಲಿ ಇಂಟೆಲ್ ಪೋರ್ಟುಗಳೇ ತೊಂದರೆ ಕೊಡುವುದು ಕಡಿಮೆ. ಇದರಲ್ಲಿ ವೈಫೈ ಇರಬೇಕೆಂದೇನಿಲ್ಲ. ಹಳೆಯ ರೌಟರನ್ನೇ ವೈಫೈಗೆ ಇಟ್ಟುಕೊಳ್ಳಿ.

ಹೆಚ್ಚು ಪೋರ್ಟ್ ಇರುವುದರ ಲಾಭ ದೊಡ್ಡದು. ಒಂದು ಹೊರಗಿನ ತಂತಿಗೆ, ಒಂದು ಮನೆಗೆ, ಒಂದು ಕ್ಯಾಮೆರಾಗಳಿಗೆ. ರೋಗ ಬಂದ ರಾಸನ್ನು ಬೇರೆ ಕಟ್ಟುವ ಹಾಗೆ ಕ್ಯಾಮೆರಾಗಳನ್ನು ಬೇರೆ ಇಟ್ಟರೆ, ಅದರಲ್ಲೊಂದು ಕೆಟ್ಟರೂ ಬ್ಯಾಂಕ್ ವ್ಯವಹಾರದ ಗಣಕಯಂತ್ರಕ್ಕೆ ಅಂಟುವುದಿಲ್ಲ.

ಅಟ್ಟದ ಮೇಲಿನ ಹಳೆಯ ಡೆಸ್ಕ್‌ಟಾಪ್ ಆಗದೇ ಎಂದು ಕೆಲವರು ಕೇಳುತ್ತಾರೆ. ಆಗುತ್ತದೆ, ಆದರೆ ಮೇವಿನ ಲೆಕ್ಕ ಹಾಕಿ. ಸತತ 60 ವ್ಯಾಟ್ ಉರಿದರೆ ವರ್ಷಕ್ಕೆ ಸುಮಾರು 525 ಯೂನಿಟ್. 10 ವ್ಯಾಟಿನ ಪೆಟ್ಟಿಗೆಗೆ 88. ತಿಂಗಳಿಗೆ 36 ಯೂನಿಟ್ಟಿನಷ್ಟು ವ್ಯತ್ಯಾಸ. ಮೇಲಾಗಿ ಕರೆಂಟ್ ಹೋದಾಗ ಸಣ್ಣ ಪೆಟ್ಟಿಗೆಯನ್ನು 12 ವೋಲ್ಟಿನ ಚಿಕ್ಕ ಯುಪಿಎಸ್ ಹೊರುತ್ತದೆ. ಅದರ ಆಂಪಿಯರ್ ಹೊಂದುತ್ತದೆಯೇ ನೋಡಿ, ಫೈಬರ್ ಪೆಟ್ಟಿಗೆಯನ್ನೂ ಬ್ಯಾಕಪ್ ಮೇಲೆಯೇ ಇಡಿ.

ರೌಟರನ್ನು ಕೊಟ್ಟಿಗೆಯಲ್ಲಿ ಇಡಬೇಡಿ. ಗಂಜಲದ ಅಮೋನಿಯ, ತೇವ, ಧೂಳು ಅದಕ್ಕೆ ಆಗುವುದಿಲ್ಲ. ಮನೆಯಿಂದ ಕೊಟ್ಟಿಗೆಗೆ ತಾಮ್ರದ ನೆಟ್‌ವರ್ಕ್ ತಂತಿ ಎಳೆದಿದ್ದರೆ ಸಿಡಿಲಿನ ಹೊಡೆತ ಅದರ ಮೂಲಕವೇ ಒಳಗೆ ಬರಬಹುದು. ಅಷ್ಟು ದೂರಕ್ಕೆ ಲೋಹವಿಲ್ಲದ ಫೈಬರ್ ಎಳೆಸಿದರೆ ಆ ಭಯವಿಲ್ಲ. ಮುಂಗಾರು ಪೂರ್ವದ ಗುಡುಗು ಮಳೆಯಲ್ಲಿ ಟಿವಿ ಕಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜೋಡಿಸಿದ ದಿನವೇ ಹಳೆಯ ರೌಟರಿನಲ್ಲಿ ತೆರೆದಿದ್ದ ಪೋರ್ಟ್ ಮುಚ್ಚಿಸಿ, ಕ್ಯಾಮೆರಾದ ಪಾಸ್‌ವರ್ಡ್ ಬದಲಿಸಿ. ನಂತರ ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ನೋಡಿ: ವಿಪಿಎನ್ ಹಾಕಿದಾಗ ಹಸು ಕಾಣಬೇಕು, ತೆಗೆದಾಗ ಕಾಣಬಾರದು. ತೆಗೆದ ಮೇಲೂ ಕಂಡರೆ, ಕ್ಯಾಮೆರಾ ಕಂಪನಿಯ ಸರ್ವರಿನ ಮೂಲಕ ಚಿತ್ರ ಹೊರಹೋಗುತ್ತಿದೆ ಅಥವಾ ಹಳೆಯ ಕಿಂಡಿ ಇನ್ನೂ ತೆರೆದೇ ಇದೆ. ಜೋಡಿಸಲು ಬಂದವರನ್ನು ಅದು ಯಾವುದೆಂದು ತೋರಿಸುವವರೆಗೆ ಕಳುಹಿಸಬೇಡಿ.