ಉಂಗುರದ ಹರಳು: ಕೊಳ್ಳುವವರಿಗೆ ಕೆಲವು ತಿಳಿವಳಿಕೆ

ಪ್ರವಾದಿವರ್ಯರ(ಸ) ಉಂಗುರ ಬೆಳ್ಳಿಯದಾಗಿತ್ತು, ಅದರ ಹರಳು 'ಹಬ್ಶೀ' ಆಗಿತ್ತು ಎಂದು ಹ. ಅನಸ್(ರ) ತಿಳಿಸಿರುವುದು ಸಹೀಹ್ ಮುಸ್ಲಿಮ್‌ನಲ್ಲಿದೆ. ಹಬ್ಶೀ ಎಂದರೆ ಅಬಿಸೀನಿಯಾದಿಂದ ಬಂದ ಕಲ್ಲೋ ಅಥವಾ ಕಪ್ಪು ಬಣ್ಣದ ಕಲ್ಲೋ ಎಂಬ ಬಗ್ಗೆ ವ್ಯಾಖ್ಯಾನಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಅದು ಅಕೀಕ್ ಆಗಿರಬಹುದು ಎಂಬ ಮಾತನ್ನೂ ಇಮಾಮ್ ನವವಿ(ರ) ದಾಖಲಿಸಿದ್ದಾರೆ. ಸಹೀಹ್ ಬುಖಾರಿಯ ಇನ್ನೊಂದು ವರದಿಯಂತೆ ಉಂಗುರದ ಮುಖವೂ ಬೆಳ್ಳಿಯದೇ ಆಗಿತ್ತು. ಆದ್ದರಿಂದ ಉಂಗುರಗಳು ಒಂದಕ್ಕಿಂತ ಹೆಚ್ಚು ಇದ್ದವೆಂದು ಹೇಳಿದವರೂ ಇದ್ದಾರೆ. ಮುದ್ರೆಯಿಲ್ಲದ ಪತ್ರವನ್ನು ರೋಮನರು ಓದುವುದಿಲ್ಲವೆಂದು ತಿಳಿದು ಬಂದಾಗ ಉಂಗುರ ಮಾಡಿಸಿ, ಅದರಲ್ಲಿ ತಮ್ಮ ಹೆಸರನ್ನೂ ಪ್ರವಾದಿತ್ವವನ್ನೂ ಮೂರು ಸಾಲುಗಳಲ್ಲಿ ಕೆತ್ತಿಸಲಾಯಿತು. ಪ್ರವಾದಿವರ್ಯರ(ಸ) ನಂತರ ಅದು ಹ. ಅಬೂಬಕರ್(ರ), ಹ. ಉಮರ್(ರ), ಹ. ಉಸ್ಮಾನ್(ರ)ರ ಕೈಗಳಲ್ಲಿತ್ತು. ಕೊನೆಗೆ ಮದೀನದ ಅರೀಸ್ ಬಾವಿಯಲ್ಲಿ ಬಿದ್ದುಹೋಯಿತು. ಮೂರು ದಿನ ಹುಡುಕಿದರೂ ಸಿಗಲಿಲ್ಲ.

ಈ ಸಹೀಹ್ ವರದಿಗಳಲ್ಲಿ ಲೋಹ, ಹರಳು, ಬರಹ, ಧರಿಸಿದ ಬೆರಳು ಎಲ್ಲವೂ ಇವೆ. ಹರಳಿಗೆ ಯಾವುದೋ ಶಕ್ತಿಯಿತ್ತೆಂಬ ಮಾತು ಮಾತ್ರ ಇಲ್ಲ. ಉಂಗುರ ಉಪಯೋಗದ ವಸ್ತುವಾಗಿತ್ತು, ಹರಳು ಅದರ ಅಂದವಾಗಿತ್ತು. ಇಂದು ನಮ್ಮ ಮನೆಗಳಲ್ಲಿ ನಿಕಾಹ್‌ಗೆಂದೋ ಮಹ್ರ್‌ಗೆಂದೋ ಹರಳಿನ ಉಂಗುರ ಹೇಳಿ ಮಾಡಿಸುವಾಗ ಇದೇ ದೃಷ್ಟಿ ಇರಬೇಕು. ಹರಳು ಒಂದು ಸರಕು. ಸರಕನ್ನು ನೋಡಿ, ಕೇಳಿ, ಅಳೆದು, ತೂಗಿ ಕೊಳ್ಳಬೇಕು.

ಅಕೀಕ್ ಧರಿಸಿದವನಿಗೆ ಬಡತನ ಬರುವುದಿಲ್ಲ ಎಂಬಂತಹ ವಚನಗಳು ಪ್ರವಾದಿವರ್ಯರ(ಸ) ಹೆಸರಿನಲ್ಲಿ ಪ್ರಚಾರದಲ್ಲಿವೆ. ಈ ವಿಷಯದಲ್ಲಿ ಪ್ರವಾದಿವರ್ಯರಿಂದ(ಸ) ಏನೂ ಸಾಬೀತಾಗಿಲ್ಲವೆಂದು ಹದೀಸ್ ವಿಮರ್ಶಕ ಉಕೈಲಿ(ರ) ಸ್ಪಷ್ಟವಾಗಿ ಹೇಳಿದ್ದಾರೆ. ಇಬ್ನುಲ್ ಜೌಝೀ(ರ) ಇವುಗಳನ್ನು ಕಟ್ಟುಕಥೆಗಳ ಸಾಲಿಗೆ ಸೇರಿಸಿದ್ದಾರೆ. ಹಜರುಲ್ ಅಸ್ವದ್‌ಗೆ ಮುತ್ತಿಡುವಾಗ ಹ. ಉಮರ್(ರ)ರು ಅದು ಲಾಭವನ್ನಾಗಲಿ ಹಾನಿಯನ್ನಾಗಲಿ ಮಾಡದ ಕಲ್ಲೆಂದು ಜನರ ಮುಂದೆಯೇ ಸಾರಿದರು. ಕಅಬಾದ ಕಲ್ಲಿನ ಬಗ್ಗೆಯೇ ಹೀಗೆ ಹೇಳಿದ ಮೇಲೆ, ಪೇಟೆಯಲ್ಲಿ ರಾಶಿ ನೋಡಿ ಕೊಡುವ ನೀಲಮಣಿಯ ಮಾತೇನು? ಆದರೂ ನಮ್ಮವರಲ್ಲಿ ಕೆಲವರು 'ಈ ಕಲ್ಲು ನನಗೆ ಆಗಿಬರುತ್ತದೆ' ಎನ್ನುತ್ತಾರೆ. ಇದರಿಂದ ನಂಬಿಕೆಗೆ ಪೆಟ್ಟು ಬೀಳುವುದಷ್ಟೇ ಅಲ್ಲ, ವ್ಯಾಪಾರದಲ್ಲೂ ನಷ್ಟವಿದೆ. ಕಲ್ಲು ಅದೃಷ್ಟ ತರುತ್ತದೆಂದು ನಂಬಿ ಅಂಗಡಿ ಹತ್ತಿದವನು ಕಲ್ಲಿನ ಗುಣಮಟ್ಟವನ್ನು ಕೇಳುವುದೇ ಇಲ್ಲ.

ಈ ವಿಷಯದಲ್ಲಿ ನಮ್ಮ ಹಿರಿಯರ ರೀತಿ ಬೇರೆಯೇ ಇತ್ತು. ಹನ್ನೊಂದನೇ ಶತಮಾನದ ಅಬೂರೈಹಾನ್ ಅಲ್ ಬೀರೂನಿ ರತ್ನಗಳ ಕುರಿತು 'ಅಲ್ ಜಮಾಹಿರ್' ಎಂಬ ಗ್ರಂಥ ಬರೆದರು. ಪಚ್ಚೆಯನ್ನು ಕಂಡರೆ ಹಾವಿನ ಕಣ್ಣು ಕುರುಡಾಗುತ್ತದೆ ಎಂಬುದು ಆ ಕಾಲದ ದೊಡ್ಡ ದೊಡ್ಡವರೂ ಬರೆದಿಟ್ಟಿದ್ದ ಮಾತು. ಬೀರೂನಿ ಹಾವಿನ ಕೊರಳಿಗೆ ಪಚ್ಚೆಯ ಸರ ಸುತ್ತಿ, ಅದರ ಬುಟ್ಟಿಯಲ್ಲಿ ಪಚ್ಚೆ ಹರವಿ, ಬೇಸಿಗೆ ಚಳಿಗಳೆರಡರಲ್ಲೂ ಒಂಬತ್ತು ತಿಂಗಳು ಪರೀಕ್ಷಿಸಿದರು. ಹಾವಿಗೆ ಏನೂ ಆಗಲಿಲ್ಲ. ರತ್ನಗಳನ್ನು ನೀರಿನಲ್ಲಿ ಮುಳುಗಿಸಿ, ಚೆಲ್ಲಿದ ನೀರಿನ ತೂಕದಿಂದ ಒಂದೊಂದು ಜಾತಿಯ ಸಾಂದ್ರತೆಯನ್ನು ಅವರು ಲೆಕ್ಕ ಹಾಕಿದರು. ಮಾಣಿಕ್ಯ ಅದೇ ಗಾತ್ರದ ನೀರಿಗಿಂತ ಸುಮಾರು ನಾಲ್ಕು ಪಟ್ಟು ಭಾರ. ಬದಖ್‌ಶಾನಿನ ಕೆಂಪು 'ಲಾಲ್' ಅದಕ್ಕಿಂತ ಹಗುರ, ಸುಮಾರು 3.6 ಪಟ್ಟು. ಕಣ್ಣಿಗೆ ಎರಡೂ ಕೆಂಪು. ಬ್ರಿಟಿಷ್ ರಾಜಕಿರೀಟದಲ್ಲಿ 'ಬ್ಲ್ಯಾಕ್ ಪ್ರಿನ್ಸ್‌ನ ಮಾಣಿಕ್ಯ' ಎಂದು ಹೆಸರಾದ ಕಲ್ಲು ವಾಸ್ತವದಲ್ಲಿ ಮಾಣಿಕ್ಯವಲ್ಲ, ಈ ಲಾಲ್‌ನ ಜಾತಿಯದು.

ಈಗ ಅಂಗಡಿಗೆ ಬರೋಣ. ಬಣ್ಣದ ಹರಳಿನಲ್ಲಿ ಬೆಲೆಯನ್ನು ನಿರ್ಧರಿಸುವುದು ಮೊದಲು ಬಣ್ಣವೇ. ಬಣ್ಣ ತುಂಬಿರಬೇಕು, ಆದರೆ ಕಪ್ಪಾಗಿ ಕಾಣುವಷ್ಟು ದಟ್ಟವಾಗಿರಬಾರದು. ತಿಳಿಯಾಗಿರಬಹುದು, ಆದರೆ ನೀರು ಬೆರೆಸಿದಂತೆ ಪೇಲವವಾಗಿರಬಾರದು. ಚಿನ್ನದಂಗಡಿಯ ಹಳದಿ ದೀಪದಡಿ ಕೆಂಪು ಕಲ್ಲುಗಳೆಲ್ಲ ಉರಿಯುತ್ತವೆ. ನೀಲವಾದರೋ ಬಿಳಿ ದೀಪದಲ್ಲಿ ಚೆನ್ನಾಗಿ ಕಂಡು ಹಳದಿ ದೀಪದಲ್ಲಿ ಮಂಕಾಗುತ್ತದೆ. ಆದ್ದರಿಂದ ಹರಳನ್ನು ಬಿಳಿ ಕಾಗದದ ಮೇಲಿಟ್ಟು ಬಾಗಿಲ ಬಳಿ, ನೇರ ಬಿಸಿಲು ಬೀಳದ ಹಗಲು ಬೆಳಕಿನಲ್ಲಿ ನೋಡಿರಿ. ಆಮೇಲೆ ದೀಪದಡಿಯಲ್ಲೂ ನೋಡಿರಿ. ಉಂಗುರ ಧರಿಸುವವರು ಎರಡೂ ಬೆಳಕಿನಲ್ಲಿ ಓಡಾಡುವವರಲ್ಲವೇ?

ಎರಡನೆಯದು ಕಡಿತ. ಇದಕ್ಕೆ ಸುಲಭವಾದ ಪರೀಕ್ಷೆಯಿದೆ. ಮುಖ ಕೊರೆದ ಪಾರದರ್ಶಕ ಹರಳನ್ನು ಅಚ್ಚಾದ ಪುಟದ ಮೇಲೆ ಮುಖ ಮೇಲಾಗಿ ಇಟ್ಟು ನೇರವಾಗಿ ನೋಡಿರಿ. (ಈ ಮಾಸಿಕದ ಪುಟವೂ ಆದೀತು.) ನಡುವೆ ಅಕ್ಷರ ನಿಚ್ಚಳವಾಗಿ ಓದಲು ಬಂದರೆ ಹರಳಿನ ತಳ ತೀರಾ ಚಪ್ಪಟೆಯಾಗಿದೆ ಎಂದರ್ಥ. ಒಳಹೊಕ್ಕ ಬೆಳಕು ತಿರುಗಿ ಬರುತ್ತಿಲ್ಲ, ನಡುಭಾಗ ಬಣ್ಣವಿಲ್ಲದ ಕಿಟಕಿಯಂತೆ ಕಾಣುತ್ತದೆ. ಇದಕ್ಕೆ ವಿರುದ್ಧವಾಗಿ ಕೆಲವು ಹರಳುಗಳ ಹೊಟ್ಟೆ ಉಬ್ಬಿರುತ್ತದೆ. ಆ ಹೊಟ್ಟೆಯ ತೂಕಕ್ಕೂ ಹಣ ಕೊಡುತ್ತೀರಿ, ಉಂಗುರದಲ್ಲಿ ಅದು ಕಾಣುವುದೇ ಇಲ್ಲ.

ಶುದ್ಧತೆಯ ವಿಷಯದಲ್ಲಿ ನಮ್ಮ ಜನರಲ್ಲಿ ಒಂದು ತಪ್ಪು ಕಲ್ಪನೆಯಿದೆ. ಒಳಗೆ ಚುಕ್ಕೆಯೂ ಇಲ್ಲದ ಕೆಂಪು ದೊಡ್ಡ ಕಲ್ಲು ಕಡಿಮೆ ಬೆಲೆಗೆ ಸಿಕ್ಕಿದರೆ ಸಂತೋಷಪಡುತ್ತಾರೆ. ಅಲ್ಲಿ ಪಡಬೇಕಾದದ್ದು ಸಂಶಯ. ನೈಸರ್ಗಿಕ ಮಾಣಿಕ್ಯದಲ್ಲಿ ಸೂಕ್ಷ್ಮ ರೇಷ್ಮೆಯೆಳೆಗಳಂತಹ ಸೂಜಿಗಳೋ ಸಣ್ಣ ಹರಳುಗಳೋ ಇರುವುದೇ ಸಹಜ. ಪಚ್ಚೆಯಲ್ಲಿ ಬಿರುಕುಗಳು ಇದ್ದೇ ಇರುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ದುಂಡಗಿನ ಗಾಳಿಗುಳ್ಳೆಗಳು ಕಂಡರೆ ಅದು ಗಾಜು ಅಥವಾ ಕೃತಕ ಕಲ್ಲಾಗಿರುವ ಸಾಧ್ಯತೆ ಹೆಚ್ಚು. ಫ್ರಾನ್ಸಿನ ವೆರ್ನೊಯಿ ಎಂಬ ವಿಜ್ಞಾನಿ ಬೆಂಕಿಯ ಜ್ವಾಲೆಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಪ್ರಕಟಿಸಿದ್ದು 1902ರಲ್ಲಿ. 'ಅಜ್ಜಿಯ ಕಾಲದ ಉಂಗುರ, ಆದ್ದರಿಂದ ಅಸಲಿಯೇ' ಎಂಬ ವಾದಕ್ಕೆ ಆದ ಕಾರಣ ಬಲವಿಲ್ಲ.

ಇನ್ನು ಅಸಲಿ ಕಲ್ಲಿಗೇ ಮಾಡುವ ಉಪಚಾರಗಳು. ಇಲ್ಲಿ ಸ್ವಲ್ಪ ನಿಲ್ಲಬೇಕು, ಹೆಚ್ಚು ಹಣ ಹೋಗುವುದು ಇಲ್ಲಿಯೇ. ನೀಲ ಮತ್ತು ಮಾಣಿಕ್ಯವನ್ನು ಕಾಯಿಸಿ ಬಣ್ಣ ಸುಧಾರಿಸುವುದು ಹಳೆಯ ರೂಢಿ. ಬೀರೂನಿಗೂ ಇದು ತಿಳಿದಿತ್ತು. ಇಂದು ಪೇಟೆಯಲ್ಲಿರುವ ನೀಲಗಳಲ್ಲಿ ಬಹುಪಾಲು ಕಾಯಿಸಿದವೇ. ಬಣ್ಣ ಶಾಶ್ವತವಾಗಿ ನಿಲ್ಲುತ್ತದೆ, ಕಲ್ಲಿಗೆ ಹಾನಿಯಿಲ್ಲ. ಕಾಯಿಸದೆ ಇರುವ ಒಳ್ಳೆಯ ಕಲ್ಲಿಗೆ ಬೆಲೆ ಬಹಳ ಹೆಚ್ಚು. ಪಚ್ಚೆಯ ಬಿರುಕಿಗೆ ಎಣ್ಣೆ ಇಳಿಸುವುದೂ ರೂಢಿಯೇ. ಆದರೆ ಎಣ್ಣೆ ಕಾಲಕ್ರಮದಲ್ಲಿ ಒಣಗಿ ಬಿರುಕು ಕಾಣಿಸಿಕೊಳ್ಳುತ್ತದೆ. ಇವೆರಡಕ್ಕಿಂತ ಬೇರೆಯಾದದ್ದು ಗಾಜು ತುಂಬಿದ ಮಾಣಿಕ್ಯ. 2004ರ ಸುಮಾರಿಗೆ ಪೇಟೆಗೆ ಬಂದ ಸರಕಿದು. ಬಿರುಕು ತುಂಬಿದ, ಮುಷ್ಟಿಗಟ್ಟಲೆ ಅಗ್ಗವಾಗಿ ಸಿಗುವ ಕಲ್ಲಿಗೆ ಸೀಸದ ಗಾಜನ್ನು ಕರಗಿಸಿ ಇಳಿಸಿದರೆ ಅದು ಪಾರದರ್ಶಕವಾಗಿ ಥಳಥಳಿಸುತ್ತದೆ. ಅಕ್ಕಸಾಲಿಗನ ಬೆಂಕಿ ತಾಗಿದರೆ, ಆಮ್ಲದಲ್ಲಿ ಅದ್ದಿದರೆ ಗಾಜು ಹಾಳಾಗುತ್ತದೆ. ಅಡುಗೆಮನೆಯ ನಿಂಬೆರಸವೂ ಅದನ್ನು ತಿನ್ನುತ್ತದೆ. ಹೊಸ ಮದುಮಗಳು ಕೆಲವು ದಿನ ಉಪ್ಪಿನಕಾಯಿಗೆ ನಿಂಬೆ ಹೆಚ್ಚಿದರೆ ಸಾಕು, ಕೆಂಪು ಕಲ್ಲಿನ ಮೇಲೆ ಬಿಳಿ ಗೆರೆಗಳು ಮೂಡಬಹುದು.

ಆ ಉಂಗುರ ಮಹ್ರ್ ಆಗಿದ್ದರೆ? ಮಹ್ರ್ ಹೆಣ್ಣಿನ ಹಕ್ಕು. 'ಮಾಣಿಕ್ಯದ ಉಂಗುರ' ಎಂದು ನಿಶ್ಚಯಿಸಿ ಗಾಜು ತುಂಬಿದ ಕಲ್ಲು ಕೊಟ್ಟರೆ ಅವಳ ಹಕ್ಕು ಪೂರ್ಣವಾಗಿ ಸಂದಿದೆಯೇ ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ವರನ ಕಡೆಯವರು ತಿಳಿಯದೆ ಕೊಟ್ಟಿರಬಹುದು. ಆದರೂ ನಷ್ಟ ಅವಳದು. ದೋಷವನ್ನು ಮುಚ್ಚಿಟ್ಟು ಮಾರಿದ ವಸ್ತುವನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ. ಫಿಕ್ಹ್‌ನಲ್ಲಿ ಇದಕ್ಕೆ 'ಖಿಯಾರುಲ್ ಐಬ್' ಎನ್ನುತ್ತಾರೆ. ಕಾಯಿಸಿದ ನೀಲವನ್ನು ನಾನು ದೋಷವೆನ್ನಲಾರೆ, ಅದು ಆ ವ್ಯಾಪಾರದ ಉರ್ಫ್. ಆದರೆ ಅದನ್ನು 'ಕಾಯಿಸದ ಕಲ್ಲು' ಎಂದು ಮಾರಿದರೆ ಸುಳ್ಳು. ಗಾಜು ತುಂಬಿದ್ದನ್ನು ಮಾತ್ರ ಕೊಳ್ಳುವವನು ಕೇಳದಿದ್ದರೂ ವ್ಯಾಪಾರಿ ಹೇಳಲೇಬೇಕು ಎಂಬುದು ನನ್ನ ತಿಳಿವಳಿಕೆ. ಮದೀನದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ಒದ್ದೆಯನ್ನು ಕಂಡ ಪ್ರವಾದಿವರ್ಯರು(ಸ), ಜನರಿಗೆ ಕಾಣುವಂತೆ ಅದನ್ನು ಮೇಲಿಡಬಾರದಿತ್ತೇ ಎಂದು ವ್ಯಾಪಾರಿಯನ್ನು ವಿಚಾರಿಸಿದ ಘಟನೆ ಎಲ್ಲರಿಗೂ ಗೊತ್ತು.

ಆದ್ದರಿಂದ ಬೆಲೆಬಾಳುವ ಹರಳಾದರೆ ಕಟ್ಟಿಸುವ ಮೊದಲೇ ರತ್ನ ಪರೀಕ್ಷಾಲಯಕ್ಕೆ ಕೊಟ್ಟು ಪತ್ರ ಪಡೆಯಿರಿ. ಜೈಪುರ, ಮುಂಬಯಿ, ಬೆಂಗಳೂರಿನಂತಹ ನಗರಗಳಲ್ಲಿ ಇಂತಹ ಪರೀಕ್ಷಾಲಯಗಳಿವೆ. ಕಲ್ಲಿನ ಜಾತಿ, ನೈಸರ್ಗಿಕವೋ ಕೃತಕವೋ, ಉಪಚಾರವೇನು ಎಂಬ ಮೂರೂ ಆ ಪತ್ರದಲ್ಲಿರಬೇಕು. ಚಿನ್ನದ ಹಾಲ್‌ಮಾರ್ಕ್ ಚಿನ್ನದ ಶುದ್ಧತೆಗೆ ಮಾತ್ರ ಸಾಕ್ಷಿ, ಹರಳಿಗೆ ಅಲ್ಲ.

ತೂಕದ ವಿಷಯ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಐದು ಕ್ಯಾರೆಟ್ ಒಂದು ಗ್ರಾಂ. ಆದರೆ ಹಲವೆಡೆ ರತ್ತಿಯ ಲೆಕ್ಕ ಇನ್ನೂ ಇದೆ. ರತ್ತಿ ಎಂದರೆ ನಮ್ಮ ಗುಲಗಂಜಿ. ಅಕ್ಕಸಾಲಿಗರ ರತ್ತಿ ಸುಮಾರು 120 ಮಿಲಿಗ್ರಾಂ ಆದರೆ ಹರಳು ವ್ಯಾಪಾರದ 'ಪಕ್ಕಾ ರತ್ತಿ' ಸುಮಾರು 180. 'ಐದು ರತ್ತಿ' ಎಂದು ಬಾಯಲ್ಲಿ ಹೇಳಿದ್ದು ಯಾವುದು? ಬಿಲ್ಲಿನಲ್ಲಿ ಕ್ಯಾರೆಟ್‌ನಲ್ಲೇ ಬರೆಸಿರಿ. ಉಂಗುರದ ಒಟ್ಟು ತೂಕ, ಹರಳಿನ ತೂಕ, ಹರಳು ಕಳೆದು ಉಳಿದ ಚಿನ್ನದ ತೂಕ ಬೇರೆ ಬೇರೆಯಾಗಿರಲಿ. ಇಲ್ಲವಾದರೆ ಕಲ್ಲಿಗೂ ಚಿನ್ನದ ಬೆಲೆ ತೆತ್ತಂತಾಗುತ್ತದೆ.

ದಿನವೂ ಧರಿಸುವ ಉಂಗುರಕ್ಕೆ ಯಾವ ಹರಳು? ಇಲ್ಲಿ ಗಡಸುತನ ಮುಖ್ಯ. ವಜ್ರಕ್ಕೆ 10 ಎಂದಿಟ್ಟುಕೊಂಡ ಅಳತೆಯಲ್ಲಿ ಮಾಣಿಕ್ಯ ಮತ್ತು ನೀಲ 9, ಪಚ್ಚೆ ಏಳೂವರೆಯಿಂದ 8, ಅಕೀಕ್ ಸುಮಾರು 7, ಫಿರೋಜಾ 5ರಿಂದ 6. ಮನೆಯ ಧೂಳಿನಲ್ಲಿರುವ ಮರಳಿನ ಕಣ 7. ಅದಕ್ಕಿಂತ ಮೃದುವಾದ ಕಲ್ಲಿನ ಹೊಳಪು ಒರೆಸಿ ಒರೆಸಿಯೇ ಹೋಗುತ್ತದೆ. ಐದು ಹೊತ್ತು ವುಝೂ ಮಾಡುವ ಕೈ, ಸಾಬೂನು, ಅತ್ತರು ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಫಿರೋಜಾ ಸಣ್ಣ ರಂಧ್ರಗಳ ಕಲ್ಲು, ಎಣ್ಣೆ ಅತ್ತರು ಹೀರಿ ಹಸಿರಾಗಿ ಮಾಸುತ್ತದೆ. ಪಚ್ಚೆ ಗಡಸಾದರೂ ಪೆಟ್ಟಿಗೆ ಬಿರಿಯುತ್ತದೆ. ಬಿಸಿನೀರು ಅದಕ್ಕೆ ಒಗ್ಗದು. ಹಣ ಕಡಿಮೆಯಿದ್ದವರು ಗಾಜು ತುಂಬಿದ ದೊಡ್ಡ ಮಾಣಿಕ್ಯದ ಆಸೆ ಬಿಟ್ಟು ಒಳ್ಳೆಯ ಅಕೀಕ್ ಕೊಳ್ಳಲಿ ಎಂಬುದು ನನ್ನ ಸಲಹೆ. ಗುಜರಾತಿನ ಖಂಭಾತ್‌ನಲ್ಲಿ ಶತಮಾನಗಳಿಂದ ಅಕೀಕನ್ನು ಕಾಯಿಸಿ ಕೆಂಪೇರಿಸಿ ಕೊರೆಯುತ್ತಾರೆ. ಯಮನ್ನಿನದೆಂದು ಮೂರು ಪಟ್ಟು ಬೆಲೆ ಕೇಳುವ ಕಲ್ಲೂ ಅದೇ ಜಾತಿಯದೇ. ಮದೀನದ ಅಂಗಡಿಯಲ್ಲಿ ಕೊಂಡ ಮಾತ್ರಕ್ಕೆ ಕಲ್ಲು ಮದೀನದ್ದಾಗುವುದಿಲ್ಲ.

ಪುರುಷರಿಗೆ ಚಿನ್ನ ನಿಷಿದ್ಧ, ಬೆಳ್ಳಿಯೇ ಆಗಬೇಕು. ಹನಫಿಗಳಲ್ಲಿ ಬೆಳ್ಳಿಯ ತೂಕ ಒಂದು ಮಿಸ್ಕಾಲ್, ಅಂದರೆ ಸುಮಾರು 4.37 ಗ್ರಾಂಗಿಂತ ಕಡಿಮೆಯಿರಬೇಕು. ಶಾಫಿಈಗಳಲ್ಲಿ ಊರಿನ ರೂಢಿ ಮೀರದಂತೆ ಇರಬೇಕು. ಅಪ್ಪಟ ಬೆಳ್ಳಿ ಮೆತ್ತಗಿರುವುದರಿಂದ ಹರಳನ್ನು ಬಿಗಿಯಾಗಿ ಹಿಡಿಯಲಾರದು. 92.5ರ ಬೆಳ್ಳಿ ಸಾಕು. ಅಲ್ಲಾಹನ ಹೆಸರು ಕೆತ್ತಿಸುವವರು ಶೌಚಾಲಯಕ್ಕೆ ಹೋಗುವಾಗಲೆಲ್ಲ ತೆಗೆದಿಡಬೇಕಾದೀತೆಂದು ಮೊದಲೇ ಯೋಚಿಸಲಿ. ಬೆರಳಿಗೆ ಬಿಗಿಯಾದ ಉಂಗುರವಾದರೆ ವುಝೂವಿನಲ್ಲಿ ಅಲುಗಾಡಿಸಿ ಅಡಿಗೆ ನೀರು ತಲುಪಿಸಬೇಕು.

ಹರಳು ಕಟ್ಟಿಸುವಾಗ ತಳ ತೆರೆದಿರುವಂತೆ ಹೇಳಿರಿ. ತಳ ಮುಚ್ಚಿದ ಕಟ್ಟಿನಲ್ಲಿ ಹರಳಿನಡಿ ಬಣ್ಣದ ತಗಡು ಇಟ್ಟು ಪೇಲವ ಕಲ್ಲನ್ನೂ ಕಡುಬಣ್ಣವಾಗಿ ತೋರಿಸಬಹುದು. ತೆರೆದ ತಳದಲ್ಲಿ ಬೆಳಕು ಹಾಯುತ್ತದೆ, ಕೊಳೆ ತೊಳೆಯಲೂ ಸುಲಭ. ಸುತ್ತಲೂ ಪಟ್ಟಿ ಬಂದು ಅಂಚನ್ನು ಮುಚ್ಚುವ ಕಟ್ಟು ಕೆಲಸ ಮಾಡುವ ಕೈಗೆ ಒಳ್ಳೆಯದು. ಉಗುರಿನಂತಹ ಕಾಲುಗಳ ಕಟ್ಟು ಬಟ್ಟೆಗೆ, ಕೂದಲಿಗೆ ಸಿಕ್ಕಿಕೊಳ್ಳುತ್ತದೆ. ಬೆಸುಗೆಯ ಕೆಲಸವೆಲ್ಲ ಮುಗಿದ ಮೇಲೆಯೇ ಹರಳು ಕೂರಿಸುವಂತೆ ಅಕ್ಕಸಾಲಿಗನಿಗೆ ತಿಳಿಸಿರಿ. ಹರಳನ್ನು ಅವನ ಕೈಗೆ ಕೊಡುವ ಮೊದಲು ಅದರೊಳಗಿನ ಒಂದು ಗುರುತನ್ನು, ಒಂದು ಚುಕ್ಕೆಯನ್ನೋ ಗೆರೆಯನ್ನೋ, ಭೂತಗನ್ನಡಿಯಲ್ಲಿ ಇಬ್ಬರೂ ನೋಡಿ ಕಾಗದದಲ್ಲಿ ಗೀಚಿಟ್ಟುಕೊಳ್ಳಿರಿ. ಉಂಗುರ ಸಿದ್ಧವಾಗಿ ಬಂದ ದಿನ ಹಣ ಎಣಿಸುವ ಮುಂಚೆ ಆ ಗುರುತು ಅಲ್ಲೇ ಇದೆಯೇ ಎಂದು ಇಬ್ಬರೂ ಕೂಡಿ ಮತ್ತೊಮ್ಮೆ ನೋಡಿರಿ.